ದೊಡ್ಡಮ್ಮ ಓಡಿಹೋದದ್ದು

ನಮ್ಮ ಕುಟುಂಬದಲ್ಲಿ ಮನೆ ಬಿಟ್ಟು ಓಡಿಹೋದ ಹೆಂಗಸು ಒಬ್ಬರೇ, ನನ್ನ ದೊಡ್ಡಮ್ಮ. ಅದೂ ಎಪ್ಪತ್ತು ದಾಟಿದ ಮೇಲೆ! ಪ್ರಾಯದಲ್ಲಿ ಓಡಿದ್ದರೆ ಊರು ನಾಲ್ಕು ದಿನ ಮಾತಾಡಿ ಮರೆಯುತ್ತಿತ್ತು. ಎಪ್ಪತ್ತರಲ್ಲಿ ಓಡಿದವರನ್ನು ಮರೆಯುವುದು ಹೇಗೆ?

ಎಂಬತ್ತರ ದಶಕದ ಆರಂಭ. ಮಣ್ಣಗುಡ್ಡದ ನಮ್ಮ ಮನೆಯಲ್ಲಿ ಮಾವ, ಅಂದರೆ ದೊಡ್ಡಮ್ಮನ ತಮ್ಮ, ಬೆಳಗ್ಗೆ ನೀರುದೋಸೆ ತಿನ್ನುತ್ತಿದ್ದರು. ಅಂಗಳಕ್ಕೆ ಅಂಬಾಸಿಡರ್ ಟ್ಯಾಕ್ಸಿ ಬಂತು. ದೊಡ್ಡಮ್ಮ ಕೊನೆಯ ದೋಸೆಯನ್ನು ಕಾವಲಿಯಿಂದ ಎಬ್ಬಿಸಿ ಮಾವನ ಬಟ್ಟಲಿಗೆ ಹಾಕಿ, ಕೈ ತೊಳೆದು, ಟ್ರಂಕು ಹಿಡಿದು ಹೊರಟರು.

“ಎಲ್ಲಿಗೆ ಅಕ್ಕ?”

“ವಾಮಂಜೂರಿಗೆ. ಸಿಸ್ಟರ್‌ಗಳು ನಡೆಸುವ ಮುದುಕರ ಆಶ್ರಮಕ್ಕೆ.”

“ಯಾರನ್ನು ನೋಡ್ಲಿಕ್ಕೆ?”

“ನೋಡ್ಲಿಕ್ಕಲ್ಲ, ಇರ್ಲಿಕ್ಕೆ.”

ಮಾವನ ಬಾಯಲ್ಲಿದ್ದ ದೋಸೆ ಬಾಯಲ್ಲೇ ಉಳಿಯಿತು. ಅದನ್ನು ನುಂಗುವಷ್ಟರಲ್ಲಿ ಟ್ಯಾಕ್ಸಿ ಗೇಟು ದಾಟಿತ್ತು!

ಯಾರೂ ಬೈದಿರಲಿಲ್ಲ, ಜಗಳವಾಗಿರಲಿಲ್ಲ. ಗದ್ದೆಯಿಂದ ಅಕ್ಕಿ ಮೂಟೆಗಟ್ಟಲೆ ಬರುವ ಮನೆ. ಆಗೆಲ್ಲ ಆಶ್ರಮ ಎಂದರೆ ಯಾರೂ ಇಲ್ಲದವರಿಗೆ. ಮನೆ ತುಂಬ ಜನ ಇರುವವರು ಅಲ್ಲಿಗೆ ಹೋಗುವುದೆಂದರೆ! ಮಾವ ಸಿಕ್ಕಿದವರಿಗೆಲ್ಲ “ಅಕ್ಕ ಬೊಂಬಾಯಿಗೆ ಹೋಗಿದ್ದಾರೆ” ಎಂದರು. ಸುಳ್ಳು ಗಟ್ಟಿಯಾಗಲೆಂದು ಬೊಂಬಾಯಿಯ ಸೆಕೆಯ ವರದಿಯನ್ನೂ ಕೊಟ್ಟರು.

ಮುಂದಿನ ವಾರ ಮಾವ ಗೆಳೆಯರೊಡನೆ ಮೀನು ಮಾರ್ಕೆಟಿನಲ್ಲಿ ನಿಂತಿದ್ದರು. ಎದುರಿಗೆ ಒಬ್ಬರು ಸಿಸ್ಟರ್. ಅವರ ಪಕ್ಕದಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡುತ್ತಾ ದೊಡ್ಡಮ್ಮ!

“ಬೊಂಬಾಯಿಯಿಂದ ಯಾವಾಗ ಬಂದದ್ದು?” ಎಂದರು ಗೆಳೆಯರೊಬ್ಬರು.

“ಎಂತ ಬೊಂಬಾಯಿ ಮಾರಾಯ್ರೆ! ವಾಮಂಜೂರಿನಿಂದ ಈಗ ಬಸ್ಸಲ್ಲಿ ಬಂದದ್ದು. ಸೀಟು ಸಹ ಸಿಕ್ಕಿತು.”

ಮಾವ ಮೀನು ಕೊಳ್ಳದೆ ಮನೆಗೆ ಬಂದರು. ಅಂದು ನಮಗೆಲ್ಲ ಹುರುಳಿ ಸಾರು.

ಕೊನೆಗೆ ದೊಡ್ಡಮ್ಮನನ್ನು ಕರೆತರುವ ಕೆಲಸ ನನ್ನ ಪಾಲಿಗೆ ಬಂತು. ಸೊರಗಿರುತ್ತಾರೆ, ನನ್ನನ್ನು ಕಂಡ ಕೂಡಲೇ ಅಳುತ್ತಾರೆ ಎಂದುಕೊಂಡು ಕರವಸ್ತ್ರ ಇಟ್ಟುಕೊಂಡು ಹೋದೆ. ನೋಡಿದರೆ ದೊಡ್ಡಮ್ಮ ದಪ್ಪಗಾಗಿದ್ದಾರೆ! ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಾರೆ. ನರ್ಸಮ್ಮ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾರೆ. ಪಕ್ಕದ ಮಂಚದ ಕೊಂಕಣಿ ಟೀಚರಮ್ಮ ನನ್ನ ಬಳಿ ದೂರು ತಂದರು.

“ನಿಮ್ಮ ದೊಡ್ಡಮ್ಮನ ಗೊರಕೆಗೆ ನನ್ನ ಜಪ ತಪ್ಪಿ ಹೋಗ್ತದೆ.”

“ಸುಳ್ಳು! ಇವರ ಜಪದಿಂದ ನನಗೆ ನಿದ್ದೆಯೇ ಇಲ್ಲ,” ಎಂದರು ದೊಡ್ಡಮ್ಮ. ಮತ್ತೆ ನನ್ನ ಕಡೆ ತಿರುಗಿ, “ನೋವಿಗೆ ಎಣ್ಣೆ ಉಂಟು, ಜ್ವರಕ್ಕೆ ಡಾಕ್ಟರು ಬರ್ತಾರೆ, ಜಗಳಕ್ಕೆ ಟೀಚರ್ ಇದ್ದಾರೆ. ಇನ್ನೆಂತ ಬೇಕು?”

ನಾನು ಮನೆಯ ಮಾತು ಎತ್ತುವಷ್ಟರಲ್ಲಿ ಊಟದ ಬೆಲ್ ಹೊಡೆಯಿತು. ಮೊಣಕಾಲು ನೋವಿನ ದೊಡ್ಡಮ್ಮ ನನ್ನನ್ನು ಅಲ್ಲೇ ಬಿಟ್ಟು ಓಡಿದರು. ಹೌದು, ಪುನಃ ಓಡಿದರು!

ನಾನೂ ಹಿಂದೆ ಹೋದೆ. ಸಿಸ್ಟರ್ ಕುಚ್ಚಲಕ್ಕಿ ಅನ್ನ ಬಡಿಸಿ, ಬಂಗುಡೆ ಸಾರು ಹೊಯ್ದರು.

“ನೋಡು, ಹೊಗೆ ಬರ್ತಾ ಉಂಟು.” ದೊಡ್ಡಮ್ಮ ಬಟ್ಟಲನ್ನು ನನ್ನತ್ತ ತಿರುಗಿಸಿದರು.

“ಮನೆಯಲ್ಲಿ ಅನ್ನ ಇಲ್ವಾ ದೊಡ್ಡಮ್ಮ?”

“ಉಂಟು. ಎಲ್ಲರಿಗೂ ಬಡಿಸಿ ನಾನು ಕೂರುವಾಗ ತಣಿದಿರ್ತದೆ.”

“ಬನ್ನಿ, ಇನ್ನು ನಿಮಗೇ ಮೊದಲು ಬಡಿಸ್ತೇವೆ.”

“ಬಡಿಸಿದರೂ ಆಗುವುದಿಲ್ಲ ಮಾರಾಯ್ತಿ. ಆ ಮನೆಯಲ್ಲಿ ಕೂತರೆ ನನ್ನ ಕಣ್ಣು ನಿಮ್ಮ ಬಟ್ಟಲಿನ ಮೇಲೆಯೇ. ಇಲ್ಲಿ ಯಾರ ಬಟ್ಟಲೂ ನನ್ನ ತಲೆಬಿಸಿ ಅಲ್ಲ. ಈಗ ಮಾತಾಡ್ಬೇಡ, ತಣಿತದೆ.”

ಅವರ ಕೈಯಡುಗೆ ಉಂಡು ಬೆಳೆದವಳು ನಾನು. ದೊಡ್ಡಮ್ಮ ಕೂತು ಉಣ್ಣುವುದನ್ನು ನೋಡಿದ್ದು ಅಂದೇ ಮೊದಲು!

ಮನೆಗೆ ಬಂದು ಮಾವನಿಗೆ ಹೇಳಿದೆ. “ಬಿಸಿ ಅನ್ನಕ್ಕೆ ಮನೆ ಬಿಡುವವರು ಉಂಟಾ?” ಎಂದು ಕೂಗಿದರು. ಆಮೇಲೆ ಆ ವಿಷಯ ಎತ್ತಲಿಲ್ಲ.

ಕೆಲವು ವರ್ಷ ದೊಡ್ಡಮ್ಮ ಬಿಸಿಬಿಸಿ ಉಂಡರು. ಒಂದು ದಿನ, ಆಶ್ರಮದಲ್ಲೇ, ಮಧ್ಯಾಹ್ನದ ಊಟ ಮುಗಿಸಿ ಮಲಗಿದವರು ಏಳಲಿಲ್ಲ.

ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯಂದು, ನಮ್ಮಲ್ಲಿ ಸತ್ತವರಿಗೆ ಒಳಕೋಣೆಯಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾಯುವ ಕ್ರಮವಿದೆ. ಅವರದಾದ ಮೇಲೆಯೇ ಉಳಿದವರ ಊಟ. ನಾನು ಅನ್ನದ ಪಾತ್ರೆ ಎತ್ತಿಕೊಂಡು ಹೊರಟಾಗ ಮಾವ ಅದನ್ನು ಮುಟ್ಟಿ ನೋಡಿದರು.

“ತಣಿದಿದೆ. ಬೇರೆ ಇಡಿ.”

ನೆಂಟರೆಲ್ಲ ಹಸಿದಿದ್ದರು. ಕುಚ್ಚಲಕ್ಕಿ ಬೇಯುವುದೆಂದರೆ ಐದು ನಿಮಿಷದ ಮಾತೇ? ಮಾವನ ಮುಖ ನೋಡಿ ನಾನು ಪುನಃ ಅಕ್ಕಿ ತೊಳೆದೆ. ಕೊನೆಗೆ ಹಬೆಯಾಡುವ ಅನ್ನಕ್ಕೆ ಬಂಗುಡೆ ಸಾರು ಹೊಯ್ದು ಬಾಗಿಲು ಮುಚ್ಚಿದೆವು. ಸ್ವಲ್ಪ ಹೊತ್ತಾದ ಮೇಲೆ ಯಾರೋ ಚಿಲಕಕ್ಕೆ ಕೈ ಹಾಕಿದರು.

ಮಾವ ಅಡ್ಡ ನಿಂತರು.

“ತೆಗೀಬೇಡಿ. ಅಕ್ಕ ಊಟ ಮಾಡ್ತಾ ಇದ್ದಾರೆ.”