ಬೀಗಿತಿಯ ಬೀರು

ಹೊಸ ಬಟ್ಟೆ ಕಂಡರೆ ನಮ್ಮ ಬೀಗಿತಿಗೆ ಆಗುವುದಿಲ್ಲ! ಅಂಗಡಿಯಿಂದ ಬಂದ ಬಟ್ಟೆ ಅವರ ಲೆಕ್ಕದಲ್ಲಿ ಅನಾಥ. ಅಪ್ಪ ಅಮ್ಮ ಯಾರೆಂದೇ ಗೊತ್ತಿಲ್ಲದ್ದನ್ನು ಮೈಮೇಲೆ ಹಾಕಿಕೊಳ್ಳುವುದು ಹೇಗೆ ಅಂತ ಅವರ ವಾದ. ನಮ್ಮ ಕಡೆ ಹೆಣ್ಣು ನೋಡಲು ಹೋದವರೂ ಇಷ್ಟು ವಿಚಾರಿಸುವುದಿಲ್ಲ.

ಬೀಗಿತಿ ಅಂದರೆ ನನ್ನ ಮಗಳ ಅತ್ತೆ. ಮಗಳು ಇಲ್ಲಿ ಆಕ್ಲೆಂಡಿನಲ್ಲಿ ನರ್ಸು. ಜೊತೆಗೆ ಕೆಲಸ ಮಾಡುವ, ಇಲ್ಲಿಯವನೇ ಆದ ಕೀವಿ ಹುಡುಗನನ್ನು ಮೆಚ್ಚಿ ಮದುವೆಯಾದಳು. ಅಳಿಯನ ಬಗ್ಗೆ ನನ್ನದೇನೂ ತಕರಾರಿಲ್ಲ. ಚಿತ್ರಾನ್ನವನ್ನು ಕೈಯಲ್ಲೇ ಕಲಸಿ ತಿನ್ನುತ್ತಾನೆ, ಬಂಗಾರದಂಥವನು. ಅವನ ಅಜ್ಜಿ, ಅಂದರೆ ಬೀಗಿತಿಯ ಅಮ್ಮ, ಐರ್ಲೆಂಡಿನಿಂದ ಹಡಗು ಹತ್ತಿ ಬರುವಾಗ ಒಂದು ಟ್ರಂಕು ತುಂಬ ಬಟ್ಟೆ ತಂದರಂತೆ. ಆ ಬಟ್ಟೆಯೆಲ್ಲ ಈಗ ಇದೇ ಊರಿನ ತಕಾನಿನಿ ಬಡಾವಣೆಯಲ್ಲಿ ಬೀಗಿತಿಯ ಬೀರುವಿನಲ್ಲಿದೆ. ನನ್ನ ಹೊಟ್ಟೆಕಿಚ್ಚೂ ಅಲ್ಲೇ ಇದೆ.

ನಾನು ಅವರ ಜೊತೆ ಮೊದಲ ಸಲ ಸೂಪರ್‌ಮಾರ್ಕೆಟ್ಟಿಗೆ ಹೋದದ್ದು ಜನವರಿಯ ಉರಿಬಿಸಿಲಿನಲ್ಲಿ; ಇಲ್ಲಿ ಆಗ ನಡುಬೇಸಿಗೆ. ಬೀಗಿತಿ ಕಾರಿನಿಂದ ಇಳಿದರು ನೋಡಿ: ಪಾದದವರೆಗೆ ಕಪ್ಪು ಉಣ್ಣೆಯ ನಿಲುವಂಗಿ, ತಲೆಯ ಮೇಲೆ ಮೊರದಷ್ಟು ಅಗಲದ ಮುಸುಕು! ತಳ್ಳುಗಾಡಿಯಲ್ಲಿ ಕೂತಿದ್ದ ಮಗುವೊಂದು ಕಿಟಾರನೆ ಕಿರುಚಿಕೊಂಡಿತು. ಐರ್ಲೆಂಡಿನ ದಕ್ಷಿಣದ ಕಡೆ ಹಿಂದೆ ಹೆಂಗಸರು ಮದುವೆಗೆ ಇಂಥದ್ದೊಂದು ಹೊಲಿಸಿಕೊಳ್ಳುತ್ತಿದ್ದರಂತೆ, ಅದು ತಾಯಿಯಿಂದ ಮಗಳಿಗೆ ಬರುತ್ತಿತ್ತಂತೆ.

"ಸೆಖೆ ಆಗಲ್ವಾ?" ಅಂದೆ.

"ನಮ್ಮಜ್ಜಿಗೆ ಆಗಿರಲಿಲ್ಲ" ಅಂದರು. (ಅವರ ಇಂಗ್ಲಿಷನ್ನು ನಾನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.)

ಆ ಅಜ್ಜಿ ಇದ್ದದ್ದು ಐರ್ಲೆಂಡಿನ ಚಳಿಯಲ್ಲಿ, ತಾಯೀ! ಹಾಗೆಂದು ಮನಸ್ಸಿನಲ್ಲೇ ಅಂದುಕೊಂಡು ತಳ್ಳುಗಾಡಿ ಎಳೆದುಕೊಂಡೆ. ನನಗೂ ಅಂಥದ್ದೊಂದು ಇದ್ದಿದ್ದರೆ ನಾನೂ ಜನವರಿಯಲ್ಲೇ ಹಾಕಿಕೊಳ್ಳುತ್ತಿದ್ದೆ.

ಇನ್ನೊಂದು ಸಲ ಒಂದು ದಪ್ಪ ಬಿಳಿ ಸ್ವೆಟರ್ ಹೊರಬಂತು. ಮೈತುಂಬ ಹಗ್ಗ ಹೊಸೆದಂಥ ಹೆಣಿಗೆ. ಅಲ್ಲಿನ ಒಂದೊಂದು ಮನೆತನಕ್ಕೂ ಒಂದೊಂದು ಹೆಣಿಗೆಯಂತೆ. ಸಮುದ್ರದಲ್ಲಿ ಮುಳುಗಿದ ಬೆಸ್ತರನ್ನು ಸ್ವೆಟರ್ ನೋಡಿಯೇ ಇಂಥ ಮನೆಯವರು ಎಂದು ಗುರುತಿಸುತ್ತಿದ್ದರಂತೆ. ಹೇಳುತ್ತಾ ಹೇಳುತ್ತಾ ಬೀಗಿತಿ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ.

ಅಳಿಯ ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳಿದ: "ಅದು ಸ್ವೆಟರ್ ಮಾರೋರು ಕಟ್ಟಿದ ಕತೆ. ನಮ್ಮ ತಾತ ಬಡಗಿ. ಸಮುದ್ರ ನೋಡಿದ್ದೇ ಹಡಗು ಹತ್ತುವಾಗ."

ಆದರೇನಂತೆ? ಸುಳ್ಳು ಹೇಳುವುದಕ್ಕಾದರೂ ಒಂದು ಸ್ವೆಟರ್ ಬೇಡವೇ! ನನ್ನ ಬೀರುವಿನಲ್ಲಿ ನುಸಿಗುಳಿಗೆ ಬಿಟ್ಟರೆ ಹಳೆಯದೆಂಬುದೇ ಇಲ್ಲ. ಒಂದು ದಿನ ತಡೆಯಲಾರದೆ ನಾನೂ ನನ್ನ ನೇರಳೆ ರೇಷ್ಮೆ ಸೀರೆಯನ್ನು ಬೀಗಿತಿಯ ಮನೆಗೆ ಒಯ್ದು ಹರವಿ, ಗಂಟಲು ಸರಿಮಾಡಿಕೊಂಡು, "ಇದಕ್ಕೂ ಒಂದು ಕತೆ ಇದೆ" ಎಂದು ಶುರುಮಾಡಿದೆ.

"ಅಮ್ಮಾ, ಇದು ಹೋದ ಸಲ ಊರಿಗೆ ಹೋದಾಗ ಡಿಸ್ಕೌಂಟಲ್ಲಿ ತಗೊಂಡಿದ್ದಲ್ವಾ?" ಅಂದಳು ಮಗಳು.

ಹೆತ್ತದ್ದಕ್ಕೆ ಸಿಕ್ಕ ಬಹುಮಾನ! ಬೀಗಿತಿ ಸೆರಗನ್ನು ಸವರಿ, "ಇದೂ ಹಳೆಯದಾಗುತ್ತೆ ಬಿಡಿ" ಎಂದು ಸಮಾಧಾನ ಮಾಡಿದರು. ಅದು ಇನ್ನೂ ಉರಿಯಿತು.

ಮನೆಗೆ ಬಂದವಳೇ ಮೈಸೂರಿನಲ್ಲಿ ತಮ್ಮನ ಮನೆಯಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆ. "ಅಮ್ಮಾ, ನಿನ್ನ ಧಾರೆ ಸೀರೆ ಎಲ್ಲಿದೆ?"

"ಅದನ್ನ ಪಾತ್ರೆಯವನಿಗೆ ಕೊಟ್ಟೇ ಅಲ್ವೇನೇ ಇಡ್ಲಿ ಪಾತ್ರೆ ತಗೊಂಡಿದ್ದು!"

"ಧಾರೆ ಸೀರೇನಾ?"

"ಅಂಚೆಲ್ಲಾ ಪಿಸಿದುಹೋಗಿತ್ತು ಕಣೇ. ಆ ಪಾತ್ರೇಲಿ ಬೇಯಿಸಿದ ಇಡ್ಲಿ ತಿಂದೇ ನೀನು ಇಷ್ಟಗಲ ಆಗಿರೋದು."

ಇಂಥ ಹೊತ್ತಿನಲ್ಲಿ ಮೊಮ್ಮಗಳು ಹುಟ್ಟಿದಳು. ನಾಮಕರಣದ ದಿನ ಗೊತ್ತಾಯಿತು. ನನ್ನ ಆಸೆ ಒಂದೇ: ಮಗು ತೊಟ್ಟಿಲು ಹತ್ತುವಾಗ ಅದರ ಮೈಮೇಲೆ ನನ್ನ ಕಡೆಯ ಬಟ್ಟೆ ಇರಬೇಕು. ಅಂಗೈಯಷ್ಟು ಅಗಲದ ಹಸಿರು ರೇಷ್ಮೆ ಲಂಗವನ್ನು ಊರಿನಿಂದ ತರಿಸಿಟ್ಟಿದ್ದೆ.

ಹಿಂದಿನ ದಿನ ಸಂಜೆ ಬೀಗಿತಿ ಬಂದರು, ತೆಳು ಕಾಗದದಲ್ಲಿ ಸುತ್ತಿದ ಗಂಟಿನೊಂದಿಗೆ. ಬಿಚ್ಚಿದರೆ ಮಗುವಿಗಿಂತ ಎರಡು ಪಟ್ಟು ಉದ್ದದ ಬಿಳಿ ಲಿನನ್ ಅಂಗಿ, ಅಂಚಿಗೆಲ್ಲ ಕ್ರೋಷಾ ಲೇಸು. ಆಲೂಗಡ್ಡೆ ಬೆಳೆ ಕೊಳೆತು ಐರ್ಲೆಂಡಿನಲ್ಲಿ ಬರ ಬಿದ್ದಾಗ ಹೆಂಗಸರು ದೊಡ್ಡ ಮನೆಯವರಿಗೆ ಲೇಸು ಹೆಣೆದು ಸಂಸಾರ ಸಾಕಿದರಂತೆ. ಆಗ ಕಲಿತ ಕೈಕೆಲಸ ಮಗಳಿಂದ ಮಗಳಿಗೆ ಬಂದು, ಒಬ್ಬ ಮುತ್ತಜ್ಜಿ ತನ್ನ ಮಗುವಿಗೆಂದು ಈ ಅಂಗಿ ಮಾಡಿದಳಂತೆ. ಬೀಗಿತಿಯ ಅಮ್ಮ, ಬೀಗಿತಿ, ಅಳಿಯ, ಎಲ್ಲರ ನಾಮಕರಣವೂ ಇದರಲ್ಲೇ ಆದದ್ದು.

ನಾನು ಲಂಗ ಹಿಡಿದು ನಿಂತೆ, ಅವರು ಅಂಗಿ ಹಿಡಿದು ನಿಂತರು. ಇಬ್ಬರ ಮುಖದಲ್ಲೂ ನಗು, ಹಲ್ಲು ಕಚ್ಚಿದ ನಗು. "ನೀವಿಬ್ರೇ ಡಿಸೈಡ್ ಮಾಡ್ಕೊಳ್ಳಿ, ನಂಗೆ ನಿದ್ದೆ ಬರ್ತಿದೆ" ಎಂದು ಮಗಳು ಒಳಗೆ ಹೋದಳು. ನಾನು ಸುಮ್ಮನಿರುತ್ತೇನೆಯೇ? ಗೆಲ್ಲುವುದು ನಾನೇ ಎಂಬ ಧೈರ್ಯದಲ್ಲಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ದೂರು ಕೊಟ್ಟೆ.

ಅಮ್ಮ ಕನ್ನಡಕ ಏರಿಸಿಕೊಂಡು ಕೇಳಿದಳು: "ಆ ಅಂಗಿ ಹಾಕ್ಕೊಂಡೋರೆಲ್ಲ ಚೆನ್ನಾಗಿ ಬಾಳಿದಾರಾ?"

"ಅವರಮ್ಮ ತೊಂಬತ್ತು ದಾಟಿದ್ರಂತೆ" ಎಂದು ಒಲ್ಲದ ಮನಸ್ಸಿನಿಂದ ಹೇಳಿದೆ.

"ಮತ್ತಿನ್ನೇನು? ಅದನ್ನೇ ಹಾಕು. ಎಳೇ ಮಗೂಗೆ ಬಾಳಿ ಬದುಕಿದವರ ಬಟ್ಟೆ ಹಾಕ್ಬೇಕು ಅಂತ ಗೊತ್ತಿಲ್ವಾ? ರೇಷ್ಮೆ ಚುಚ್ಚತ್ತೆ, ಒಳಗಿಡು."

ಹೆತ್ತ ತಾಯಿಯೇ ಬೀಗರ ಪಕ್ಷ! ಹೊಟ್ಟೆ ಉರಿಯುತ್ತಿದ್ದರೂ ತೀರ್ಪನ್ನು ಇಂಗ್ಲಿಷಿಗೆ ಮಾಡಿ ಹೇಳಿದೆ. ಬೀಗಿತಿ ಹಿಗ್ಗಿ ಅಂಗಿಯನ್ನು ಫೋನಿನ ಮುಂದೆ ಹಿಡಿದರು. ಅಮ್ಮ ಲೇಸನ್ನು ನೋಡಿದಳು, ಆಮೇಲೆ ಅವರ ಮುಖ ನೋಡಿದಳು.

"ಪಾಪ, ಬಾಡಿಹೋಗಿದಾರಲ್ಲೇ. ಊಟ ಆಯ್ತಾ ಕೇಳು."

ಕೇಳಿದೆ. ಬೀಗಿತಿ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತುಬಿಟ್ಟರು.

"ಅಮ್ಮ ಹೋದಮೇಲೆ ಊಟ ಆಯ್ತಾ ಅಂತ ನನ್ನನ್ನ ಯಾರೂ ಕೇಳಿಲ್ಲ" ಅಂದರು. "ಈ ವಯಸ್ಸಲ್ಲೂ ನೀವು ನಿಮ್ಮಮ್ಮನ ಹತ್ರ ಜಗಳ ಆಡ್ತೀರಿ. ನೋಡಿದಾಗೆಲ್ಲ ನನಗೆ ಎಷ್ಟು ಹೊಟ್ಟೆಕಿಚ್ಚು ಗೊತ್ತಾ? ನನ್ನ ಹತ್ರ ಉಳಿದಿರೋದು ಬಟ್ಟೆ ಅಷ್ಟೆ."

ನಾನು ಫೋನನ್ನು ಅವರ ಕೈಗೆ ಕೊಟ್ಟೆ. ಅಮ್ಮ ಕನ್ನಡದಲ್ಲಿ, ಅವರು ಇಂಗ್ಲಿಷಿನಲ್ಲಿ, ತುಂಬ ಹೊತ್ತು ಮಾತಾಡಿದರು. ನಾನು ಅನ್ನಕ್ಕಿಟ್ಟೆ. ಆವತ್ತು ನನಗೆ ಊಟ ಆಯ್ತಾ ಎಂದು ಕೇಳುವುದನ್ನೇ ಅಮ್ಮ ಮರೆತಳು. ಇರಲಿ, ನನ್ನನ್ನು ನಾಳೆ ಕೇಳುತ್ತಾಳೆ.