ಎರಡನೇ ಸಲ ಬಂದ ಉಪ್ಪು

ಅಕ್ಕಿಯಲ್ಲಿ ಬಗೆಗಳಿವೆ, ಬೆಲ್ಲದಲ್ಲೂ ಇವೆ. ಇದನ್ನು ನಾನು ಚಿಕ್ಕಂದಿನಿಂದಲೇ ಒಪ್ಪಿಕೊಂಡವನು. ಆದರೆ ಉಪ್ಪಿನಲ್ಲಿ ಆರಿಸುವುದಕ್ಕೆ ಏನಿದೆ ಎಂದು ಅರುವತ್ತು ದಾಟುವವರೆಗೂ ನಿಶ್ಚಿಂತೆಯಿಂದ ಇದ್ದೆ. ಬಿ.ಪಿ. ನೋಡಿದ ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದರು. ಕಡಿಮೆ ಮಾಡುವುದಕ್ಕಿಂತ ಒಳ್ಳೆಯದನ್ನು ಕೊಳ್ಳುವುದು ಸುಲಭ ಎಂದು ನನಗೆ ತೋರಿತು. ಮೂಡುಬಿದಿರೆಯ ಅಂಗಡಿಗೆ ಹೋದರೆ ಒಂದಿಡೀ ಕಪಾಟು ಉಪ್ಪು: ಪುಡಿಯುಪ್ಪು, ಹರಳುಪ್ಪು, ಸೋಡಿಯಂ ಕಡಿಮೆ ಇರುವುದು, ಕಪ್ಪು, ಗುಲಾಬಿ. ದಿಗಿಲಾಗಿ ನಿಂತೆ. ಕೊನೆಗೆ ಗುಲಾಬಿ ಬಣ್ಣದ ಕಲ್ಲುಪ್ಪು ತಂದೆ. ನೋಡಲು ಚಂದ ಇತ್ತು ಎಂಬುದರ ಹೊರತು ಬೇರೆ ಕಾರಣ ಇರಲಿಲ್ಲ. ಮನೆಯ ಉಪ್ಪಿನ ಮರಿಗೆಯಲ್ಲಿದ್ದ ಹರಳುಪ್ಪನ್ನು ತೆಂಗಿನ ಬುಡಕ್ಕೆ ಹಾಕಿ, ಅದರಲ್ಲಿ ಇದನ್ನು ತುಂಬಿಸಿದೆ.

ಮರುದಿನ ಮನೆಯಲ್ಲಿ ಪೂಜೆ. ಅಡಿಗೆಗೆ ಲಾಯಿಲದಿಂದ ನನ್ನ ಅಕ್ಕ ಬಂದಳು. ನಮ್ಮ ನೆಂಟರಿಷ್ಟರ ಪೂಜೆಗಳಿಗೆಲ್ಲ ಅಡಿಗೆ ಅವಳದೇ. ನೈವೇದ್ಯ ಆಗದೆ ಯಾವುದನ್ನೂ ರುಚಿ ನೋಡುವಂತಿಲ್ಲವಲ್ಲ. ಹಾಗಾಗಿ ಉಪ್ಪೆಲ್ಲ ಕೈ ಅಳತೆ. ಎಪ್ಪತ್ತು ದಾಟಿದರೂ ಅಕ್ಕನ ಕೈ ಒಮ್ಮೆಯೂ ತಪ್ಪಿದ್ದಿಲ್ಲ. ಅವಳಿಗೆ ಇರುವ ದೊಡ್ಡ ಹೆಮ್ಮೆ ಅದೊಂದೇ. ಇದು ಬೇರೆ ಉಪ್ಪು ಎಂದು ನಾನು ಹೇಳಿದೆ.

"ಉಪ್ಪಲ್ವಾ ಮಾರಾಯ, ನನಗೆ ಅದರ ಪರಿಚಯ ಮಾಡಿಸ್ತೀಯಾ?" ಎಂದು ಅಕ್ಕ ಸೌತೆಕಾಯಿ ಸಾಂಬಾರು ಇಳಿಸುವ ಹೊತ್ತಿಗೆ ಮುಷ್ಟಿ ತುಂಬಿ ಹಾಕಿದಳು.

ನೈವೇದ್ಯ, ಮಂಗಳಾರತಿ ಆಯಿತು. ನೆಂಟರು ಎಲೆಯ ಮುಂದೆ ಕುಳಿತರು. ಎಡತುದಿಗೆ ಮೊದಲು ಪುಡಿಯುಪ್ಪು, ಆಮೇಲೆ ಪಲ್ಯ, ಅನ್ನ, ಸಾಂಬಾರು. ಎಲ್ಲರ ಬೆರಳೂ ಎಡತುದಿಗೆ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಎಡತುದಿಗಳು ಬರಿದಾದವು. ಕೊನೆಗೆ ಒಬ್ಬರು ತಗ್ಗಿದ ಸ್ವರದಲ್ಲಿ, ಇನ್ನೊಮ್ಮೆ ಉಪ್ಪು ಬರಲಿ ಎಂದರು. ಪಾಯಸ ಎರಡನೇ ಸಲ ಬರುವುದನ್ನು ಕಂಡಿದ್ದೇನೆ. ಉಪ್ಪು ಹಾಗೆ ಬಂದದ್ದನ್ನು ಕಂಡದ್ದು ಅಂದೇ.

ಹೆಂಡತಿಯ ಅಣ್ಣ, ಬಂಟ್ವಾಳದ ಭಾವ, ಮುಂದಿನ ತಿಂಗಳ ಗೃಹಪ್ರವೇಶಕ್ಕೆ ಅಕ್ಕನನ್ನೇ ಗೊತ್ತು ಮಾಡಿದ್ದರು. ಕೈ ತೊಳೆಯುತ್ತಾ ನನ್ನೊಡನೆ, "ಪಾಪ, ಅವರಿಗೂ ವಯಸ್ಸಾಯ್ತು. ನಮ್ಮಲ್ಲಿಗೆ ಬೇರೆಯವರನ್ನು ನೋಡುವ" ಎಂದರು. ತಿರುಗಿ ನೋಡಿದರೆ ಅಡಿಗೆಮನೆಯ ಬಾಗಿಲಲ್ಲಿ ಅಕ್ಕ. ಅವಳು ಭಾವನನ್ನು ನೋಡುತ್ತಿರಲಿಲ್ಲ, ತನ್ನ ಅಂಗೈಯನ್ನು ನೋಡುತ್ತಿದ್ದಳು. ಆಮೇಲೆ ಹಿತ್ತಿಲಿಗೆ ಹೋಗಿ ಕಲ್ಲಿನ ಮೇಲೆ ಕುಳಿತಳು.

ಅದನ್ನು ನೋಡಲಾರದೆ ನಾನು, ಮನೆಯ ಪುಡಿಯುಪ್ಪು ಬಡಿಸಿ ಮುಗಿದಿದ್ದರಿಂದ, ನೆರೆಮನೆಯಿಂದ ತಂದು ಸಾಂಬಾರಿಗೆ ಸುರಿದು ಕಲಸಿದೆ. ಎರಡನೇ ಪಂಕ್ತಿಗೆ ಮನೆಯವರೇ ಕುಳಿತೆವು. ಮೊದಲ ತುತ್ತಿಗೇ ಕಣ್ಣಲ್ಲಿ ನೀರು ಬಂತು. ಹೆಂಡತಿ ಎಲೆ ಬಿಟ್ಟು ಎದ್ದಳು. ಒಳಗೆ ಬಂದ ಅಕ್ಕ ನಮ್ಮ ಮುಖ ನೋಡಿ, ಸೌಟನ್ನು ಪಾತ್ರೆಯ ತಳಕ್ಕೆ ಇಳಿಸಿದಳು. ಟಣ್ ಟಣ್ ಎಂದು ಸದ್ದಾಯಿತು. ಮೇಲೆ ಬಂದದ್ದು ಕರಗದೆ ಉಳಿದ ಗುಲಾಬಿ ಕಲ್ಲುಗಳು. ಮೊದಲ ಪಂಕ್ತಿಗೆ ಅರ್ಧ ಕರಗಿದ್ದವು, ನಮ್ಮ ಪಂಕ್ತಿಗೆ ಮುಕ್ಕಾಲು. ಮೇಲಿಂದ ನಾನು ಸುರಿದದ್ದು ಬೇರೆ.

ಅಕ್ಕ ಸೌಟು ಹಿಡಿದುಕೊಂಡೇ ಚಾವಡಿಗೆ ನಡೆದಳು. ಎಲೆಯಡಿಕೆ ಹಾಕುತ್ತಿದ್ದ ಭಾವನ ಮೂಗಿನ ಕೆಳಗೆ ಹಿಡಿದಳು. ಭಾವ ಬಗ್ಗಿ ನೋಡಿ, ಎದ್ದು ನಿಂತು, "ಗೃಹಪ್ರವೇಶಕ್ಕೆ ನೀವೇ ಬರ್ಬೇಕು. ಉಪ್ಪು ಮಾತ್ರ ನಿಮ್ಮದೇ ತನ್ನಿ" ಎಂದರು.

ಅಕ್ಕ ತಿರುಗಿ ಒಳಗೆ ಬಂದವಳೇ ಒಂದು ಕಲ್ಲನ್ನು ನನ್ನ ಎಲೆಯ ಎಡತುದಿಗೆ ಬಡಿಸಿ, ಎದುರಿಗೆ ಕುಳಿತುಕೊಂಡಳು.

"ಡಾಕ್ಟರು ಕಡಿಮೆ ಅಂದಿದ್ದಾರಲ್ಲ ತಮ್ಮಾ, ಇಷ್ಟು ಸಾಕಾ?"

ನಾನು ಎಲೆಯ ಮೇಲಿನ ಕಲ್ಲನ್ನೇ ನೋಡಿದೆ. ಸಾಂಬಾರಿನಲ್ಲಿ ಮಿಂದರೂ ಅದರ ಬಣ್ಣ ಹೋಗಿರಲಿಲ್ಲ. ನೋಡಲು ಈಗಲೂ ಚಂದವೇ ಇತ್ತು.