ಝೆರಾನನ ನಾಮಕರಣ

ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರು ತಾಲ್ಲೂಕಿನಲ್ಲಿ ಹುಟ್ಟಿದ, ಇನ್ನು ಮುಂದೆ ಹುಟ್ಟುವ ಯಾವ ಮಗುವಿಗೂ ಇಲ್ಲದ ಹೆಸರನ್ನು ತನ್ನ ಮಗನಿಗೆ ಇಟ್ಟೇ ತೀರುತ್ತೇನೆಂದು ಫ್ಲೆಕ್ಸ್ ಅಂಗಡಿಯ ಬಸವಕುಮಾರ ಪ್ರತಿಜ್ಞೆ ಮಾಡಿದ. ಮಾಡಿದ್ದು ಬಚ್ಚಲಲ್ಲಿ ಹಲ್ಲುಜ್ಜುತ್ತ. ಆದರೂ ಅದರ ಗಾಂಭೀರ್ಯ ಕುರುಕ್ಷೇತ್ರದ ಮಟ್ಟದ್ದು.

ಅವನಿಗೆ ಹೆಸರುಗಳು ಸಾಕಾಗಿ ಹೋಗಿದ್ದವು. ಹನ್ನೆರಡು ವರ್ಷದಿಂದ ಹುಟ್ಟುಹಬ್ಬ, ಅಭಿನಂದನೆ, ಭಾವಪೂರ್ಣ ಶ್ರದ್ಧಾಂಜಲಿ ಎಲ್ಲವನ್ನೂ ಅಚ್ಚು ಹಾಕಿ ಹಾಕಿ, ಮಹದೇವಸ್ವಾಮಿ, ಮಾದೇಶ, ಮಾದಪ್ಪ ಎಂಬ ಹೆಸರುಗಳನ್ನು ಕಣ್ಣು ಮುಚ್ಚಿ ಟೈಪ್ ಮಾಡುತ್ತಿದ್ದ. ಚುನಾವಣೆ ಬಂತೆಂದರೆ ಬೆಳಿಗ್ಗೆ ಒಬ್ಬ ಅಭ್ಯರ್ಥಿ ಕೈಮುಗಿದ ಫೋಟೊ, ಮಧ್ಯಾಹ್ನ ಅವನ ಎದುರಾಳಿ ಕೈಮುಗಿದ ಫೋಟೊ, ಎರಡೂ ಒಂದೇ ಮಿಷನ್ನಿನಿಂದ ಬಿಸಿಬಿಸಿಯಾಗಿ ಹೊರಬರುತ್ತಿದ್ದವು. "ಈ ಸಲ ನೀವೇ ಅಣ್ಣ" ಎಂದು ಇಬ್ಬರಿಗೂ ಇವನೇ ಹೇಳಿ ಕಳಿಸುತ್ತಿದ್ದ. ಯಾರಾದರೂ ಕೆಣಕಿದರೆ, "ಮಿಷನ್‌ಗೆ ಪಕ್ಷ ಇಲ್ಲ ಕಣ್ರಿ" ಎಂಬ ಉತ್ತರ ಸಿದ್ಧವಿತ್ತು. ಮಿಷನ್‌ಗೆ ಇಲ್ಲ, ನಿಜ. ಮಾಲೀಕನಿಗೂ ಇರಲಿಲ್ಲ.

ಹೆಸರು ಸಿಕ್ಕಿದ್ದು ಟಿವಿಯಲ್ಲಿ. ಏಳು ವರ್ಷದ ಮಗಳು ನಾಗಶ್ರೀಯ ಪಕ್ಕ ಕೂತು ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವನು 'ಏಳನೇ ಚಂದ್ರನ ಕೋಟೆ' ಎಂಬ ಕಾರ್ಟೂನ್ ನೋಡುತ್ತಿದ್ದ. ದೂರದ ಚಂದ್ರನ ಮೇಲೊಂದು ಕೋಟೆ, ಅದನ್ನು ಕಾಯುವ ಕ್ಯಾಪ್ಟನ್ ಅಜ್ಜಿ, ಅಜ್ಜಿಯ ಹಿಂದೆ ಉರುಳುವ ಡಬ್ಬು ಎಂಬ ಪುಟ್ಟ ರೋಬೋ, ಹೊರಗೆ ಕಲ್ಲುಮುಖದ ಸೇನೆ. ಇವರ ನಡುವೆ ಝೆರಾನ್. ಒಂದು ಕಣ್ಣು ಮಾಂಸದ್ದು, ಇನ್ನೊಂದು ಲೋಹದ್ದು. ಮೊದಲು ಕಳ್ಳಸಾಗಣೆಯವನು, ಆಮೇಲೆ ಕೋಟೆಯ ಮಿತ್ರ. ಇಂಧನವನ್ನು ಎರಡೂ ಕಡೆಗೆ ಮಾರುತ್ತಾನೆ. ಆದರೆ ಕೊನೇ ಗಳಿಗೆಯಲ್ಲಿ ಹಾರಿ ಬಂದು ಅಜ್ಜಿಯ ಪ್ರಾಣ ಉಳಿಸುತ್ತಾನೆ. ಆರು ಸಲ ಉಳಿಸಿದ್ದ. ಅವನನ್ನು ಕಂಡರೆ ಬಸವಕುಮಾರನ ಎದೆ ಉಬ್ಬುತ್ತಿತ್ತು. ಯಾಕೆಂದು ಅವನು ಯೋಚಿಸಿರಲಿಲ್ಲ.

"ಅವ್ನ ನಂಬ್ಬೇಡಪ್ಪ," ಎಂದಿದ್ದಳು ನಾಗಶ್ರೀ. "ಹೋದ್ವಾರ ಕೋಟೆ ಬೀಗದ್ ಕೈನ ಸುಮ್‌ಸುಮ್ನೆ ಮುಟ್ಟಿ ನೋಡ್ದ."

"ಮುಟ್ಟಿದ್ರೇನಾಯ್ತವ್ವ? ಮನ್ಸು ಚಿನ್ನ ಅವ್ನ್ದು."

"ಚಿನ್ನ ಆಗಿದ್ರೆ ಯಾಕೆ ಯಾರೂ ಇಲ್ದಾಗ ನಗ್ತಾನೆ?"

"ದೊಡ್ಡೋರ ರಾಜಕೀಯ ನಿಂಗೆ ತಿಳಿಯಕಿಲ್ಲ, ಸುಮ್ನಿರು."

ಹೆಸರೇನೋ ಸಿಕ್ಕಿತು. ಆದರೆ ತೊಟ್ಟಿಲ ಮಗುವಿನ ಕಿವಿಯಲ್ಲಿ ಅದನ್ನು ಮೂರು ಸಲ ಕೂಗುವ ಹಕ್ಕು ಸೋದರತ್ತೆಯದು. ಸೋದರತ್ತೆ ಎಂದರೆ ಯಳಂದೂರಿಗೆ ಕೊಟ್ಟಿದ್ದ ಅಕ್ಕ ಚನ್ನಾಜಮ್ಮ. ಮನೆಯಲ್ಲಿ ಯಾರಿಗೆ ಯಾರಿಗೆ ಜಗಳವಾದರೂ ಬಂದಿಳಿದು, ಎರಡೂ ಕಡೆ ಉಂಡು, ಇಬ್ಬರಿಗೂ "ನಿಂದೇ ನ್ಯಾಯ" ಎಂದು ತೀರ್ಪು ಕೊಟ್ಟು ಬಸ್ಸು ಹತ್ತುವ ಹೆಂಗಸು. ಅತ್ತ ಅಪ್ಪ ಪುಟ್ಟಮಾದಪ್ಪ, ಮನೆದೇವರ ಹೆಸರು, ಮುತ್ತಾತನ ಹೆಸರು, ಮಾದಪ್ಪ ಎಂದೇ ಇಡಬೇಕೆಂದು ಜಗಲಿಯ ಮೇಲೆ ಕಂಬದಂತೆ ಕೂತಿದ್ದ. ಅಕ್ಕ ತನ್ನ ಪಾಳಯಕ್ಕೆ ಬಾರದೆ ಗೆಲುವಿಲ್ಲವೆಂದು ಬಸವಕುಮಾರ ಫೋನ್ ಮಾಡಿದ.

"ಝೆರಾನಾ? ಏನ್ಲಾ ಅದು, ಕೀಲ್ನೋವಿನ ಮಾತ್ರೆ ಎಸ್ರಿದ್ದಂಗದೆ."

"ಅಕ್ಕ, ರೇಷ್ಮೆ ಸೀರೆ ತೆಗ್ದಿಟ್ಟಿವ್ನಿ. ಮಾತು ಕೊಡು."

"ನಿನ್ ಮಾತೇ ನನ್ ಮಾತು ಬುಡು. ಅಂಚು ಮಾತ್ರ ದೊಡ್ದಿರ್ಲಿ."

ಮಾರನೇ ದಿನವೇ ಹತ್ತಡಿ ಅಗಲದ ಫ್ಲೆಕ್ಸ್ ಮನೆ ಮುಂದೆ ಏರಿತು. ನಕ್ಷತ್ರಗಳ ನಡುವೆ ಮೂರು ತಿಂಗಳ ಕೂಸು ಬಾಯಿಗೆ ಬೆರಳಿಟ್ಟುಕೊಂಡು ತೇಲುತ್ತಿದೆ. ಕೆಳಗೆ, 'ಚಿ॥ ಝೆರಾನ್ ನಾಮಕರಣಕ್ಕೆ ಸರ್ವರಿಗೂ ಸುಸ್ವಾಗತ.' ಹೆಂಡತಿ ಸೌಮ್ಯ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದು, ಅದನ್ನು ಮೇಲಿಂದ ಕೆಳಗೆ ಓದಿ, ಮಾತಿಲ್ಲದೆ ಒಳಗೆ ಹೋದಳು. ಮೆಚ್ಚುಗೆಗೆ ಮಾತು ಹೊರಡಲಿಲ್ಲವೆಂದು ಬಸವಕುಮಾರ ತಿಳಿದ.

ನಾಮಕರಣ ಭಾನುವಾರ, ಹನ್ನೊಂದಕ್ಕೆ ಮುಹೂರ್ತ. ಹತ್ತಕ್ಕೆ ಕಾರ್ಟೂನಿನ ಕೊನೇ ಕಂತು. "ಒಸಿ ಹೊತ್ತು ಅಷ್ಟೆ" ಎಂದು ಬಸವಕುಮಾರ ಟಿವಿ ಹಾಕಿದ. ಬಂದ ನೆಂಟರ ಮಕ್ಕಳೆಲ್ಲ ಬಂದು ಕೂತವು. ಸೇನೆ ಕೋಟೆ ಮುತ್ತಿತು. ಅಜ್ಜಿ, "ಝೆರಾನ್, ನೀನೊಬ್ಬನೇ ನಮಗೆ ದಿಕ್ಕು" ಎಂದಳು. ಝೆರಾನ್ ಬಂದ, ಬೀಗದ ಕೈ ತೆಗೆದುಕೊಂಡ, ನಕ್ಕ, ಶತ್ರುವಿಗೆ ಬಾಗಿಲು ತೆರೆದ. ಅಜ್ಜಿಯ ಕೈಗೆ ಸಂಕೋಲೆ ಬಿತ್ತು. ಅಡ್ಡ ಬಂದ ಡಬ್ಬುವಿನ ಮೇಲೆ ಅವನು ಬೂಟುಗಾಲಿಟ್ಟ. ಡಬ್ಬುವಿನ ಹೊಟ್ಟೆಯ ಹಳದಿ ದೀಪ ಮಿಣುಕಿ, ಆರಿತು.

ಹದಿನಾಲ್ಕು ಮಕ್ಕಳು ಒಂದೇ ಸಲ ಬಾಯಿ ತೆಗೆದವು. ಹಿತ್ತಲಿನಿಂದ ಅಡುಗೆಯವರು ಸೌಟು ಹಿಡಿದೇ ಓಡಿ ಬಂದರು. ಅದೇ ಹೊತ್ತಿಗೆ ರಾಮಾಪುರದ ಪುಟ್ಟಸಿದ್ದಯ್ಯ ಮಾವ ಆಟೋ ಇಳಿದವನು, ಒಳಗಿನ ಗೋಳು ಕೇಳಿ ಹೆಗಲ ಟವೆಲ್ ತೆಗೆದು ಕಂಕುಳಿಗೆ ಇಟ್ಟುಕೊಂಡ.

"ಯಾರ್ ಓಗ್ಬುಟ್ರಪ್ಪ?"

"ಡಬ್ಬು ಸತ್ತೋದ ತಾತ," ಎಂದು ಬಿಕ್ಕಿದಳು ನಾಗಶ್ರೀ.

"ಯಾರ್ ಕಡೆಯವ್ನು ಮಗ ಅವ್ನು?"

"ಝೆರಾನ್ ಕೊಂದಾಕ್ಬುಟ್ಟ. ಮೋಸಗಾರ."

ಪುಟ್ಟಸಿದ್ದಯ್ಯ ತಲೆಯೆತ್ತಿ ಫ್ಲೆಕ್ಸ್ ಓದಿದ. ಫೋಟೊ ನೋಡಿದ. ಮತ್ತೆ ಓದಿದ. "ಮೂರ್ ತಿಂಗ್ಳ ಕೂಸು ಕಣವ್ವ. ಅದ್ಯಾರ್ನ ಕೊಂದಾತು?"

ವಿಷಯ ಬಿಡಿಸಿ ಹೇಳುವ ಹೊತ್ತಿಗೆ ಶಾಮಿಯಾನದ ತುಂಬ ಝೆರಾನನ ಚರಿತ್ರೆ ಹರಡಿತ್ತು. ಪುಟ್ಟಮಾದಪ್ಪ ಎಲೆಅಡಿಕೆ ಅಗಿಯುತ್ತ ಕೇಳಿಸಿಕೊಂಡು, "ನಂಬ್ದೋರ್ಗೇ ಬಾಗ್ಲು ತೆಗ್ದ್‌ಕೊಟ್ನಾ? ಅಂತೋರು ನಮ್ಮನೇಲೂ ಒಬ್ರವ್ರೆ ಬುಡಿ. ಯಳಂದೂರಿಂದ ಬತ್ತರೆ," ಎಂದ. ಜನ ಬಿದ್ದು ಬಿದ್ದು ನಕ್ಕರು. ತೊಟ್ಟಿಲಿಗೆ ಹೂ ಸುತ್ತುತ್ತಿದ್ದ ಚನ್ನಾಜಮ್ಮನ ಕೈಯಲ್ಲಿ ಮಾಲೆ ಪಟ್ಟನೆ ಹರಿಯಿತು.

ಗಂಟೆ ಹತ್ತೂ ಮುಕ್ಕಾಲು. ಹದಿನೈದು ನಿಮಿಷದಲ್ಲಿ ತನ್ನ ಮಗ ಜನ್ಮವಿಡೀ ದ್ರೋಹಿಯ ಹೆಸರು ಹೊರಬೇಕಾಗುತ್ತದೆಂದು ಬಸವಕುಮಾರನಿಗೆ ಹೊಳೆಯಿತು. ಅಪ್ಪನ ಬಳಿಗೆ ಓಡಿದ.

"ಅಪ್ಪ, ಮೊದ್ಲಿಂದ್ಲೂ ನಂಗೂ ಮಾದಪ್ಪ ಅನ್ನೋದೇ ಇಷ್ಟ."

"ಅಂಗಾರೆ ಹೊರಗಡೆ ತೂಗಾಕಿರೋದೇನ್ಲಾ?"

"ಅದು ಅಕ್ಕನ ಹಠ."

ಅಲ್ಲಿಂದ ಅಕ್ಕನ ಬಳಿಗೆ. "ಅಕ್ಕ, ಆ ಹೆಸ್ರು ಬ್ಯಾಡ. ಅಪ್ಪಂಗೆ ಬೇಜಾರಾಗದೆ."

"ಕೊಟ್ಟ ಮಾತು ಕೊಟ್ಟಿದ್ದೇ," ಎಂದಳು ಚನ್ನಾಜಮ್ಮ ಹೂವಿನಿಂದ ಕಣ್ಣೆತ್ತದೆ.

"ನೀನು ಯಾವತ್ತಕ್ಕ ಮಾತು ಉಳಿಸ್ಕಂಡಿದ್ದೆ?"

"ಇವತ್ತಿಂದ."

ನಲವತ್ತು ವರ್ಷ ಎಲ್ಲರಿಗೂ ಕೈಕೊಟ್ಟ ಹೆಂಗಸು, ಕೈಕೊಡಬೇಕಾದ ಒಂದೇ ಒಂದು ದಿನ ಹರಿಶ್ಚಂದ್ರನ ವಂಶಕ್ಕೆ ಸೇರಿಬಿಟ್ಟಿದ್ದಳು. ಬಸವಕುಮಾರ ಕೋಣೆಗೆ ನುಗ್ಗಿದ.

"ಸೌಮ್ಯಾ, ಆ ಹೆಸ್ರು ನಂಗೆ ಹಿಡಿಸ್ಲಿಲ್ಲ ಅಂತ ನೀನೇ ಅಂದ್ಬುಡು. ಹೆತ್ತೋಳ್ ಮಾತು, ಯಾರೂ ಇಲ್ಲ ಅನ್ನಲ್ಲ."

ಸೌಮ್ಯ ಮಗುವಿನ ಅಂಗಿಯ ಗುಂಡಿ ಹಾಕುತ್ತಿದ್ದಳು. "ಹೆತ್ತೋಳು ಅನ್ನೋದು ಈಗ ನೆಪ್ಪಾಯ್ತಾ? ಮಗನ ಹೆಸ್ರು ಏನು ಅಂತ ನಾನು ಬೀದೀಲಿ ನಿಂತು ಓದ್ಕಂಡು ತಿಳ್ಕಂಡೋಳು."

ಹನ್ನೊಂದಾಯಿತು. ಪೂಜೆಗೆ ಕೂತಿದ್ದ ಅಯ್ಯನವರು ಗಂಟೆ ಅಲ್ಲಾಡಿಸಿದರು. ಮಗು ತೊಟ್ಟಿಲಿಗೆ ಬಂತು. ಚನ್ನಾಜಮ್ಮ ಹೊಸ ರೇಷ್ಮೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದಳು. ಕಿವಿಯಲ್ಲಿ ಕೂಗಬೇಕಾದ್ದನ್ನು ಊರಿಗೇ ಕೇಳುವಂತೆ ಕೂಗಿದಳು.

"ಝೆರಾನ್."

ಮಕ್ಕಳೆಲ್ಲ "ಬ್ಯಾಡಾ" ಎಂದು ಅರಚಿದವು. ಬಸವಕುಮಾರ ಕಂಬ ಹಿಡಿದುಕೊಂಡ.

"ಮಾದಪ್ಪ."

ಪುಟ್ಟಮಾದಪ್ಪನ ಬಾಯಲ್ಲಿ ಎಲೆಅಡಿಕೆ ನಿಂತಿತು.

"ಶಿವಶಂಕರ."

ಗಂಟೆಯೂ ನಿಂತಿತು.

"ಏನವ್ವ ಇದು?" ಎಂದ ಪುಟ್ಟಮಾದಪ್ಪ.

ಚನ್ನಾಜಮ್ಮ ನೆಟ್ಟಗೆ ನಿಂತಳು. "ಮೂರ್ ಜನಕ್ಕೆ ಮಾತು ಕೊಟ್ಟಿದ್ದೆ. ಮೂರ್ ಸಲ ಕೂಗು ಅಂದ್ರಿ. ಕೂಗಿವ್ನಿ. ಇನ್ಮ್ಯಾಕೆ ಯಾರಾರ ಚನ್ನಾಜಿ ಮಾತು ತಪ್ಪೋಳು ಅಂದ್ರೆ ನೋಡಿ ಮತ್ತೆ."

"ನಂದೊಂದು, ಅವ್ನ್ದೊಂದು. ಮೂರನೇದು ಯಾರ್ದು?"

"ನಂದು ಮಾವ," ಎಂದಳು ಸೌಮ್ಯ. "ಹೆರಿಗೆ ಆದಾಗ ಹನೂರಿಗೆ ನಮ್ಮವ್ವನ ಮನೇಗೆ ಬಂದು, ನಿಂಗೇನಾಸೆ ಅಂತ ಕೇಳ್ದೋರು ಅತ್ಗೆ ಒಬ್ರೇ."

ಬಸವಕುಮಾರ ನೆಲ ನೋಡಿದ. ಪುಟ್ಟಮಾದಪ್ಪನೂ ನೋಡಿದ, ನೆಲದಲ್ಲಿ ಇಬ್ಬರಿಗೂ ಬೇಕಾದದ್ದೇನೂ ಇರಲಿಲ್ಲ. ಕೊನೆಗೆ ಅಯ್ಯನವರು, "ಕೊನೇಲಿ ಕೂಗಿದ್ದು ಕಿವೀಲಿ ನಿಂತ್ಕತದೆ. ಶಿವಶಂಕರ ಅಂತಲೇ ಆಗ್ಲಿ," ಎಂದು ಅಕ್ಷತೆ ಹಾಕಿಬಿಟ್ಟರು. ಪುಟ್ಟಮಾದಪ್ಪನೂ ಮತ್ತೆ ಎಲೆಅಡಿಕೆ ಅಗಿಯುತ್ತ, "ಶಿವನ್ ಎಸ್ರೇ ತಾನೆ, ಬುಡಿ," ಎಂದ.

"ಅಂಗಾರೆ ಆ ಮೊದಲ್ನೇ ಎಸ್ರು ಏನ್ ಮಾಡದು?" ಎಂದು ಕೇಳಿದ ಪುಟ್ಟಸಿದ್ದಯ್ಯ. "ಅಷ್ಟು ದೊಡ್ಡದಾಗಿ ಬರ್ಸಾಕವ್ರೆ."

"ಅಪ್ಪಂಗೇ ಇಡಿ ತಾತ," ಎಂದಳು ನಾಗಶ್ರೀ. ಅವಳ ಕಣ್ಣಿನ್ನೂ ಡಬ್ಬುವಿಗಾಗಿ ಒದ್ದೆಯಾಗಿತ್ತು. "ತಾತನ್ ಹತ್ರ, ಅದು ಅತ್ತೆ ಹಠ ಅಂದ. ಅತ್ತೆ ಹತ್ರ, ತಾತಂಗೆ ಬೇಜಾರು ಅಂದ. ಅಮ್ಮನ್ ಹತ್ರ, ಬ್ಯಾಡ ಅಂತ ನೀನೇ ಅನ್ನು ಅಂದ. ನಾನು ಹಿಂದ್ಗಡೇನೇ ಇದ್ದೆ."

"ನನ್ ಹಠಾನೇನ್ಲಾ ಕುಮಾರ?" ಚನ್ನಾಜಮ್ಮ ತಿರುಗಿದಳು.

ಬಸವಕುಮಾರ ಸಾರಿನ ಬಕೆಟ್ಟು ಎತ್ತಿಕೊಂಡು ಪಂಕ್ತಿಗೆ ಓಡಿದ. ಬಡಿಸುವವನ ಮುಖವನ್ನು ಯಾರೂ ನೋಡುವುದಿಲ್ಲ, ಎಲ್ಲರ ಕಣ್ಣೂ ಎಲೆಯ ಮೇಲಿರುತ್ತದೆ ಎಂಬುದು ಅವನ ಲೆಕ್ಕ. ಲೆಕ್ಕ ಸರಿಯೇ ಇತ್ತು. ಆಚೆ ತುದಿಯಿಂದ ಪುಟ್ಟಸಿದ್ದಯ್ಯ, ಎಲೆಯಿಂದ ತಲೆಯೆತ್ತದೆಯೇ ಕೂಗಿದ.

"ಝೆರಾನೂ, ಇತ್ಲಾಗೆ ಒಸಿ ಸಾರು ಬುಡಪ್ಪ."

"ಬಂದೆ ಮಾವ," ಎಂದು ಅರ್ಧ ದಾರಿ ಹೋದ ಮೇಲೆ ಬಸವಕುಮಾರ ನಿಂತ. ಪಂಕ್ತಿ ಪೂರಾ ಅವನನ್ನೇ ನೋಡುತ್ತಿತ್ತು. ನಿಂತು ಮಾಡುವುದೇನು, ಸಾರು ಆರುತ್ತಿತ್ತು. ಹೋಗಿ ಬಡಿಸಿದ.